ಏಳು ಗಾಜು

ತಿಬಿಲಿಸಿ. ಒಣಸೇತುವೆ. ಶನಿವಾರ.
ಕೆಳಗಿನ ನೀರು ಬತ್ತಿ ಎಷ್ಟೋ ಕಾಲವಾಯಿತು,
ಸೇತುವೆಗೆ ಮಾತ್ರ ಯಾರೂ ಹೇಳಿಲ್ಲ.

ಕಂಬಳಿ ಹಾಸಿದ್ದೇನೆ.
ಎಡಕ್ಕೆ ಚಮಚ ಮಾರುವ ನೋದಾರ್,
ಬಲಕ್ಕೆ ಪದಕ ಮಾರುವ ಮುದುಕ:
ಯಾರದೋ ಶೌರ್ಯ, ತೂಕದ ಲೆಕ್ಕ.
ನನ್ನ ಮುಂದೆ ಏಳು ಲೆನ್ಸು.
ಮುಚ್ಚಳ ತೆಗೆದರೆ ಏಳೂ ಆಕಾಶ ನೋಡುತ್ತವೆ
ಬಲೆಯಿಂದ ಈಗಷ್ಟೇ ಸುರಿದ ಮೀನಿನ ಕಣ್ಣುಗಳ ಹಾಗೆ.

ಮಾರುವುದೆಷ್ಟು, ಉಳಿಸುವುದೆಷ್ಟು?
ರಾತ್ರಿಯಿಡೀ ಅಳೆದೂ ಸುರಿದೂ
ಮೂರು ಸಾಕು ಅಂದುಕೊಂಡೆ.
ಬೆಳಗಿನ ಚಹಾ ಹೊತ್ತಿಗೆ ಎರಡಾಯಿತು.
ಮೆಟ್ಟಿಲಿಳಿಯುವಾಗ ಮತ್ತೆ ಐದು.

ನನ್ನ ಕಸುಬು ದೊಡ್ಡದೇನಲ್ಲ,
ಕಲ್ಲಿಗೆ ಮುಖ ಒದಗಿಸುವುದು.
ಇಲ್ಲಿ ಸತ್ತವರು ಬರೀ ಹೆಸರು ಬಿಟ್ಟು ಮಲಗುವುದಿಲ್ಲ,
ಕಪ್ಪು ಕಲ್ಲಿನ ಮೇಲೆ ಕೋಟು ತೊಟ್ಟು ನಿಲ್ಲುತ್ತಾರೆ,
ಕೆಲವರ ಬೆರಳಲ್ಲಿ ಸಿಗರೇಟು ಕೂಡ.
ನಾನು ಕೊಟ್ಟ ಫೋಟೋ ಎದುರಿಟ್ಟುಕೊಂಡು
ಬದ್ರಿ ಚುಕ್ಕಿ ಚುಕ್ಕಿಯಾಗಿ ಕೊರೆಯುತ್ತಾನೆ,
‘ಮಕ್ವಾಲಾ, ಮೂಗಿನ ನೆರಳು ಎಲ್ಲಿ?’ ಎಂದು ಬೈಯುತ್ತಾನೆ.

ಇಷ್ಟಕ್ಕೆ ಏಳು ಯಾಕೆ?

ಐವತ್ತೆಂಟರದು ಮೊದಲ ಸಂಬಳದ್ದು.
ಹಿಂದಿನ ಎಲೆಗಳನ್ನೆಲ್ಲ ಸುಳಿ ಸುತ್ತಿಸುತ್ತದೆ
ಕುಡಿದ ಸೋದರಮಾವ ಕುಣಿದ ಹಾಗೆ;
ಮುಖದ ಮುಂದೆ ಮಾತ್ರ ಗಂಭೀರ.
ಎಂಬತ್ತೈದರದು ಸುಕ್ಕು ಕ್ಷಮಿಸುತ್ತದೆ,
ಹೆಸರು ಗೊತ್ತಿಲ್ಲದೆ ಎಲ್ಲರೂ ಕೇಳುವುದು ಅದನ್ನೇ.
ನೂರ ಮೂವತ್ತೈದು, ಹಸುಗೂಸಿನ ಭಾರ,
ಹದಿನಾಲ್ಕು ವರ್ಷದಲ್ಲಿ ಎರಡು ಸಲ ಹೊರಗೆ ಬಂತು:
ಒಮ್ಮೆ ಹದ್ದು,
ಇನ್ನೊಮ್ಮೆ ಹದ್ದು ಅಂದುಕೊಂಡ ಪ್ಲಾಸ್ಟಿಕ್ ಚೀಲ.
ಮೂವತ್ತೇಳರದು ಕೋಣೆಯ ಜೇಡರಬಲೆಯನ್ನೂ ಬಿಡುವುದಿಲ್ಲ.
ಇಪ್ಪತ್ತರದು ಯಾರ ತಲೆಯನ್ನಾದರೂ ಕುಂಬಳಕಾಯಿ ಮಾಡುತ್ತದೆ.
ಆರನೆಯದರೊಳಗೆ ಬೂಷ್ಟು ಬೇರು ಬಿಟ್ಟಿದೆ.
ಏಳನೆಯದು ಯಾಕೆ ಇದೆಯೋ ನನಗೇ ನೆನಪಿಲ್ಲ,
ಅದಕ್ಕೇ ಮಾರಲು ಮನಸ್ಸಿಲ್ಲ.

ಕಳೆದ ಚಳಿಗಾಲ ಗೋಚಾ ಬಂದಿದ್ದ
ಒಂದೇ ಒಂದು ಫೋಟೋ ಹಿಡಿದು.
ಯಾರದೋ ಮದುವೆ, ಉದ್ದ ಮೇಜು, ಎಂಬತ್ತು ಜನ,
ಹುರಿದ ಹಂದಿಮರಿಯೊಂದೇ ಸ್ಪಷ್ಟ.
ಕೊನೆಯಲ್ಲಿ, ಕಂಬದ ಪಕ್ಕ,
ಅಕ್ಕಿಕಾಳಿನಷ್ಟು, ಅವನ ತಮ್ಮ.
‘ಇವನನ್ನು ಹತ್ತಿರ ತನ್ನಿ.’

ಇದ್ದ ಗಾಜನ್ನೆಲ್ಲ ಅವನ ಮೇಲೆ ಹಿಡಿದೆ.
ಹತ್ತಿರ ತಂದಷ್ಟೂ ಹುಡುಗ ಚುಕ್ಕಿಯಾದ,
ಇನ್ನಷ್ಟು ತಂದರೆ ಬೂದಿ.
ಕಡೆಗೆ ಅಣ್ಣನನ್ನೇ ಕಿಟಕಿಯ ಬಳಿ ಕೂರಿಸಿದೆ,
ಐವತ್ತೆಂಟರಲ್ಲಿ ತೆಗೆದೆ.
ಗೋಚಾ ಬಹಳ ಹೊತ್ತು ನೋಡಿದ.
‘ಕಿವಿ ಅವನದೇ. ಗದ್ದ ಸ್ವಲ್ಪ ಇಳಿಸಿ.’
ಬದ್ರಿ ಇಳಿಸಿದ.
ಈಗ ಈಸ್ಟರಿಗೆ ಹೋಗಿ, ಕೆಂಪು ಮೊಟ್ಟೆಯಿಟ್ಟು,
ತನ್ನದೇ ಮುಖದ ಕಾಲಬುಡಕ್ಕೆ
ವೈನು ಸುರಿದು ಬರುತ್ತಾನೆ.

ಮಧ್ಯಾಹ್ನ ವಾರ್ಸಾದ ಹುಡುಗನೊಬ್ಬ ಕುಕ್ಕರಗಾಲಲ್ಲಿ ಕೂತ.
‘ಸುಳಿ ಸುತ್ತಿಸುವುದು ಯಾವುದು?’
ನನ್ನ ಕೈ ತಾನಾಗಿ ಐವತ್ತೆಂಟನ್ನು ಮುಚ್ಚಿತು.
‘ಯಾವುದೂ ಇಲ್ಲಪ್ಪ, ಎಲ್ಲ ನೆಟ್ಟಗಿವೆ.’
ಪಾಪ, ಹದ್ದಿನದನ್ನು ಹೊತ್ತುಕೊಂಡು ಹೋದ.
ಕುಂಬಳಕಾಯಿಯೂ ಹೋಯಿತು, ಚೌಕಾಸಿಯಿಲ್ಲದೆ.
ಬೂಷ್ಟಿನದನ್ನು ಒಬ್ಬ ಹುಡುಗಿ ಬೆಳಕಿಗೆ ಹಿಡಿದು
‘ಇದರಲ್ಲಿ ಯಾವಾಗಲೂ ಮಂಜಾ?’ ಎಂದಳು.
ಯಾವಾಗಲೂ, ಎಂದೆ.
ಹೇಳಿದ ಬೆಲೆಗಿಂತ ಹೆಚ್ಚೇ ಕೊಟ್ಟಳು.

ಸಂಜೆ ಕಂಬಳಿ ಮಡಚುವಾಗ
ನೋದಾರ್ ಚಮಚಗಳ ಕೆಳಗಿಂದ ಏನೋ ಎಳೆದ:
ಹಿತ್ತಾಳೆಯ ಕೊಳವೆ, ಹೆಸರಿಲ್ಲ, ಅಂಕಿಯಿಲ್ಲ,
ಯಾವ ಕ್ಯಾಮೆರಾಕ್ಕೂ ಕೂರದ ತಿರುಪು.
‘ನಿನಗೇ ಅಂತ ಇಟ್ಟಿದ್ದೆ.’
ಸುಳ್ಳು. ನನಗೂ ಗೊತ್ತು, ಅವನಿಗೂ ಗೊತ್ತು.
ಜೇಬಿನ ನೋಟು ಇನ್ನೂ ಬೆಚ್ಚಗಿತ್ತು.

ತೋಳು ಚಾಚಿ ಅದರೊಳಗೆ ನೋಡಿದೆ.
ಪದಕದ ಮುದುಕ ಪುಟ್ಟದಾಗಿ ತಲೆಕೆಳಗೆ ನಿಂತಿದ್ದ,
ಅವನ ಕಾಲ ಮೇಲೆ ಬೀದಿ, ತಲೆಯ ಕೆಳಗೆ ಆಕಾಶ.
ನಾನು ನೋಡುತ್ತಿರುವುದು ಕಂಡು
ಟೋಪಿ ಎತ್ತಿದ;
ಅದು ಕೆಳಕ್ಕಿಳಿಯಿತು.